ಒದ್ದೆ ಪಟ್ಟಿ

ಈಗ ಎರಡು ತಿಂಗಳಿಂದ ನಾನು ದಿನಾ ಬೆಳಿಗ್ಗೆ ನನ್ನ ಅಂಗಾಲಿಗೆ ಕನ್ನಡಿ ತೋರಿಸುತ್ತಿದ್ದೇನೆ. ನಗಬೇಡಿ. ಹಾವೇರಿಯ ನಮ್ಮ ಡಾಕ್ಟರು ರಕ್ತ ಪರೀಕ್ಷೆಯ ಕಾಗದ ನೋಡಿ, ಮಗಳ ಮದುವೆಯ ಸುದ್ದಿ ಹೇಳಿದಷ್ಟೇ ಹಗುರಾಗಿ, ಸಕ್ಕರೆ ಕಾಯಿಲೆ ನನಗೂ ಬಂದಿದೆಯೆಂದು ಹೇಳಿದರು. ಇನ್ನು ಮುಂದೆ ಮುಖಕ್ಕಿಂತ ಪಾದವನ್ನೇ ಹೆಚ್ಚು ನೋಡಿಕೊಳ್ಳಬೇಕಂತೆ. ಬಗ್ಗಿ ನೋಡಲು ಹೊಟ್ಟೆ ಬಿಡುವುದಿಲ್ಲವಾದ್ದರಿಂದ ಕನ್ನಡಿ. ಐವತ್ತೈದು ವರ್ಷ ನನ್ನನ್ನು ಹೊತ್ತು ತಿರುಗಿದ ಈ ಅಂಗಾಲನ್ನು ನಾನು ಒಮ್ಮೆಯಾದರೂ ನೆಟ್ಟಗೆ ನೋಡಿರಲಿಲ್ಲ ಎಂಬುದು ಆಗಲೇ ಗೊತ್ತಾದದ್ದು.

ಹಿತ್ತಿಲ ಮೆಟ್ಟಿಲ ಮೇಲೆ ಎಳೆಬಿಸಿಲಿಗೆ ಕೂತು ಕನ್ನಡಿಯನ್ನು ಆಚೀಚೆ ತಿರುಗಿಸುತ್ತೇನೆ. ಬೆಳಕಿನ ಒಂದು ತುಂಡು ಗೋಡೆಯ ಮೇಲೆ ಓಡಾಡುತ್ತದೆ. ಆಗ ಕನ್ನಡಿಯಲ್ಲಿ ಕಾಣುವುದು ನನ್ನ ಕಾಲಲ್ಲ, ಅಬ್ಬಾನ ಕಾಲು. ಅದೇ ಅಗಲ, ಪಕ್ಕದ ಬೆರಳಿನ ಕೆಳಗೆ ಅಡಗಿಕೊಂಡ ಅದೇ ನಾಚಿಕೆಯ ಕಿರುಬೆರಳು. ನೋಡುತ್ತ ನೋಡುತ್ತ ಚಾ ಆರಿಹೋಗುತ್ತದೆ. ಈ ವಯಸ್ಸಿನಲ್ಲಿ ಗಂಡ ಕಾಲು ನೋಡಿಕೊಂಡು ಮೈಮರೆಯುವುದನ್ನು ಯಾರ ಹತ್ತಿರ ಹೇಳಿಕೊಳ್ಳಲಿ ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಗೊಣಗುತ್ತಾಳೆ.

ಅಬ್ಬಾ ಬ್ಯಾಡಗಿಯಲ್ಲಿ ಟೇಲರ್ ಆಗಿದ್ದರು. ನೀವು ಸುಗ್ಗಿಯ ಕಾಲದಲ್ಲಿ ಬ್ಯಾಡಗಿಗೆ ಬಂದಿದ್ದರೆ ನಿಮಗೆ ಹೇಳಬೇಕಾದ್ದಿಲ್ಲ, ಅಲ್ಲಿ ಗಾಳಿಗೂ ಖಾರ. ಮಾರುಕಟ್ಟೆಯ ಕಡೆಯಿಂದ ಬೀಸಿದರೆ ಊರಿಗೆ ಊರೇ ಸೀನುತ್ತದೆ, ಮತ್ತೆ ಏನೂ ಆಗದವರಂತೆ ಮಾತು ಮುಂದುವರಿಸುತ್ತದೆ. ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಮೆಣಸಿನಕಾಯಿ ತೊಟ್ಟು ಮುರಿಯುವ ಹೆಣ್ಣುಮಕ್ಕಳು ಅಳತೆಗೆ ಹಳೆಯ ಜಂಪರು ತಂದು ಮೇಜಿನ ಮೇಲಿಟ್ಟರೆ ಅದರ ಘಾಟಿಗೆ ಅಬ್ಬಾ ಎರಡು ಸಲ ಸೀನಿ, ಆಮೇಲೆ ತೋಳು ಎಷ್ಟು ಉದ್ದ ಬೇಕೆಂದು ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ಮಷೀನಿನ ಸದ್ದೇ ಹೆಚ್ಚು ನಂಬಿಕೆಯದು. ಅದು ನಿಂತಿತೆಂದರೆ ಬಾಂಗು ಆಯಿತು, ಅಬ್ಬಾ ನಮಾಜಿಗೆ ಎದ್ದರು ಎಂದರ್ಥ. ದಿನಕ್ಕೆ ಐದು ಹೊತ್ತು, ಐದು ಸಲ ವಜೂ. ಎಂದರೆ ಕೈ, ಬಾಯಿ, ಮುಖ, ಕೊನೆಗೆ ಎರಡೂ ಪಾದ ತೊಳೆಯುವುದು. ಅವರ ಪಾದಗಳಷ್ಟು ಚೊಕ್ಕ ಪಾದಗಳು ಬ್ಯಾಡಗಿಯಲ್ಲಿ ಬೇರೆ ಇರಲಿಲ್ಲ.

ಅಂಥ ಪಾದಕ್ಕೇ ಮುರಿದ ಸೂಜಿಯ ಚೂರೊಂದು ಚುಚ್ಚಿತು. ಸಕ್ಕರೆ ಕಾಯಿಲೆಯ ಕಾಲು, ನೋವೇ ಗೊತ್ತಾಗಲಿಲ್ಲ. ಅವರು ವಾರಗಟ್ಟಲೆ ಅದರ ಮೇಲೆಯೇ ಮಷೀನು ತುಳಿದಿದ್ದಾರೆ. ಗೊತ್ತಾಗುವ ಹೊತ್ತಿಗೆ ಅಂಗಾಲಲ್ಲಿ ಒಂದು ಬಾದಾಮಿಯಷ್ಟು ಹುಣ್ಣು, ಒಳಗೆ ಕೀವು. ಹಾವೇರಿಗೆ ಕರೆದುಕೊಂಡು ಹೋದೆವು. ಅಲ್ಲಿ ಹುಣ್ಣು ಕೊಯ್ದು ಶುದ್ಧ ಮಾಡಿ, ದಿನಾ ತೊಳೆದು ಒಣಪಟ್ಟಿ ಕಟ್ಟಬೇಕು, ಮೂರು ವಾರದಲ್ಲಿ ಮಾಯುವ ಲಕ್ಷಣ ಕಾಣದಿದ್ದರೆ ಹರಡಿನ ಮೇಲಕ್ಕೆ ಕಾಲನ್ನೇ ಕತ್ತರಿಸಬೇಕಾಗುತ್ತದೆ ಎಂದರು. ಬಲಗಾಲು. ಮಷೀನು ತುಳಿಯುವ ಕಾಲು. ಬಸ್ಸು ಮೋಟೆಬೆನ್ನೂರು ದಾಟಿದ ಮೇಲೆ ಅಬ್ಬಾ, ಹೊಲಿಯದೇ ಉಳಿದ ಎಂಟು ಜಂಪರುಗಳ ಬಗ್ಗೆ ಚಿಂತೆ ತೋಡಿಕೊಂಡರು.

ಪಟ್ಟಿ ಕಟ್ಟುವವರು ಯಾರು? ಅಮ್ಮಿಗೆ ರಕ್ತ ಕಂಡರೆ ತಲೆ ತಿರುಗುತ್ತಿತ್ತು. ನಾನು ಆಗ ಗುತ್ತಲದ ಶಾಲೆಯೊಂದರಲ್ಲಿ ಕನ್ನಡ ಮಾಸ್ತರ. ರಜೆ ಹಾಕಿ ಮನೆಯಲ್ಲಿದ್ದೆ. ತಂದೆಯ ಸೇವೆ, ಮಾತೃಋಣ ಎಂದು ತರಗತಿಯಲ್ಲಿ ನಲವತ್ತು ನಿಮಿಷ ನಿಲ್ಲದೆ ಮಾತಾಡಬಲ್ಲವನು. ಮೊದಲ ದಿನ ಪಟ್ಟಿ ಬಿಚ್ಚಲು ಕೂತೆ. ಎರಡು ಸುತ್ತು ಬಿಚ್ಚಿದ್ದೆ, ವಾಸನೆ ಬಂತು. ಎದ್ದು ಓಡಿದವನು ಬಚ್ಚಲಲ್ಲಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಕ್ಕಿದೆ. ಅಬ್ಬಾ ಆ ಎರಡು ಸುತ್ತನ್ನು ತಾವೇ ಮತ್ತೆ ಸುತ್ತಿಕೊಂಡು, ಇವನಿಗೊಂದು ಲಿಂಬೆಹಣ್ಣಿನ ಶರಬತ್ತು ಮಾಡಿಕೊಡು ಎಂದು ಅಮ್ಮಿಗೆ ಹೇಳಿದರು.

ಆ ಸಂಜೆಯೇ ಎಸ್ತೇರಮ್ಮ ಬಂದದ್ದು. ರಾಣೆಬೆನ್ನೂರಿನಲ್ಲಿ ನರ್ಸ್ ಆಗಿ ನಿವೃತ್ತಿಯಾಗಿ, ಬ್ಯಾಡಗಿಯ ಪುಟ್ಟ ಚರ್ಚಿನ ಹಿಂದಿನ ಎರಡು ಖೋಲಿಯ ಮನೆಯಲ್ಲಿ ಒಬ್ಬರೇ ಇದ್ದರು. ಅಬ್ಬಾನ ಹತ್ತಿರ ಜಂಪರು ಹೊಲಿಸುತ್ತಿದ್ದ ಪರಿಚಯ. ಅಂಗಡಿ ಮುಚ್ಚಿದ್ದನ್ನು ನೋಡಿ ವಿಚಾರಿಸಿದರು, ವಿಚಾರಿಸಿದವರು ಮನೆಗೆ ಹೋಗಿ ಚೀಲ ತಂದರು. ಯಾರೂ ಕರೆದಿರಲಿಲ್ಲ. ನಮ್ಮ ಅಮ್ಮಿಗೆ ಆ ಹೆಸರು ಕೊನೆಯವರೆಗೂ ನಾಲಿಗೆಗೆ ಹತ್ತಲಿಲ್ಲ, 'ಇಸ್ತ್ರೆಮ್ಮ' ಎಂದೇ ಕರೆಯುತ್ತಿದ್ದಳು. ಟೇಲರನ ಮನೆಯಲ್ಲಿ ಇಸ್ತ್ರಿ ಎಂದರೆ ದೊಡ್ಡ ಮರ್ಯಾದೆಯ ವಸ್ತುವೇ. ಅವರು ಅದನ್ನು ತಿದ್ದಲೂ ಇಲ್ಲ. ಮನೆಯೊಳಗೆ ನಾವು ಉರ್ದುವಿನಲ್ಲಿ ಮಾತಾಡುತ್ತಿದ್ದೆವು. ಎಸ್ತೇರಮ್ಮ ಹೊಸ್ತಿಲು ದಾಟಿದ ಕೂಡಲೇ ಎಲ್ಲರೂ ಕನ್ನಡಕ್ಕೆ ಹೊರಳುತ್ತಿದ್ದೆವು. ಅಮ್ಮಿ ಮಾತ್ರ ಎರಡನ್ನೂ ಕಲಸುತ್ತಿದ್ದಳು.

ಅವರು ಕೆಲಸಕ್ಕೆ ಕೂರುವ ರೀತಿಯೇ ಬೇರೆ. ಅಬ್ಬಾನನ್ನು ಕುರ್ಚಿಯಲ್ಲಿ ಕೂರಿಸಿ ತಾವು ನೆಲದ ಮೇಲೆ ಕೂತು, ಮಡಿಲಿಗೆ ಒಂದು ಬಿಳಿಯ ಟವೆಲು ಹಾಸಿಕೊಂಡು, ಕಾಲನ್ನು ಅದರ ಮೇಲೆ ತೆಗೆದುಕೊಂಡರು. ಅಬ್ಬಾ ಬೆಂಕಿ ತಗುಲಿದವರಂತೆ ಕಾಲು ಎಳೆದುಕೊಂಡರು. ತಮಗಿಂತ ಹಿರಿಯ ಹೆಣ್ಣುಮಗಳು, ಅದೂ ಇಷ್ಟು ವರ್ಷ ಊರ ಜನರ ಪ್ರಾಣ ಕಾಯ್ದವರು, ತಮ್ಮ ಹೊಲಸು ಕಾಲು ಮುಟ್ಟುವುದೆಂದರೇನು, ಪಾಪ ಬರುತ್ತದೆ ಎಂದು ಗಲಾಟೆ ಮಾಡಿದರು. ಎಸ್ತೇರಮ್ಮ ಕೇಳಿಸಿಕೊಳ್ಳುತ್ತ ಹತ್ತಿ ಹರಿಯುತ್ತಿದ್ದರು.

"ನಮ್ಮ ಸ್ವಾಮಿ ತನ್ನ ಶಿಷ್ಯರ ಕಾಲ ತೊಳದ ಒರಿಸ್ಯಾನ್ರೀ ಅಣ್ಣಾರ. ಆಂವಗಿಂತ ನಾ ದೊಡ್ಡಾಕಿ ಏನ? ಸುಮ್ನ ಕಾಲ ಚಾಚ್ರಿ."

ಇದು ಅವರು ನಮ್ಮ ಮನೆಯಲ್ಲಿ ತಮ್ಮ ಧರ್ಮದ ಬಗ್ಗೆ ಆಡಿದ ಒಂದೇ ಮಾತು. ಹೊರಡುವ ಮುಂಚೆ, ಒಂದು ನಿಮಿಷ ಪ್ರಾರ್ಥನೆ ಮಾಡಲೇ ಎಂದು ಕೇಳಿದರು. ಅಬ್ಬಾ ಯೋಚಿಸಿ, ಮಾಡಿರಿ, ಅರ್ಜಿ ಎರಡೂ ಕಡೆಯಿಂದ ಹೋದರೆ ಒಳ್ಳೆಯದೇ ಎಂದರು. ಮೇಲಿನವನು ಒಬ್ಬನೇ ಅಲ್ಲವೇನ್ರೀ ಎಂದು ಅಮ್ಮಿ ಗಂಡನ ಮೇಲೆ ರೇಗಿದಳು. ಮೂವರೂ ನಕ್ಕರು. ನಾನು ಬಾಗಿಲಲ್ಲಿ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು ನಿಂತಿದ್ದೆ.

ದಿನಗಳು ಹೋದವು. ಬೆಳಿಗ್ಗೆ ಎಂಟಕ್ಕೆ ಅವರ ಚಪ್ಪಲಿಯ ಸದ್ದು. ನೀರು ಕುದಿಸಿ, ಆರಿಸಿ, ಉಪ್ಪು ಹಾಕಿ ತೊಳೆಯುವುದು, ಒರೆಸುವುದು, ಔಷಧ ಹಚ್ಚಿ ಒಣಪಟ್ಟಿ ಕಟ್ಟುವುದು. ಕೈ ಕೆಲಸದಲ್ಲಿದ್ದಾಗ ಗಂಟಲಲ್ಲೇ ಯಾವುದೋ ರಾಗ ಗುನುಗುತ್ತಿದ್ದರು. ನಿಂತುಹೋದ ಮಷೀನಿನ ಜಾಗದಲ್ಲಿ ಆ ಗುನುಗು ಮನೆಯನ್ನು ತುಂಬಿಕೊಂಡಿತ್ತು. ನಾನು ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ಮುಂದಿಟ್ಟುಕೊಂಡು ಅರೆನಿದ್ದೆಯಲ್ಲಿ ಅದನ್ನು ಕೇಳುತ್ತಿದ್ದೆ. ಕಿಟಕಿಯಿಂದ ಮೆಣಸಿನಕಾಯಿಯ ಕೆಂಪು ಧೂಳು ಬಿಸಿಲಲ್ಲಿ ತೇಲುತ್ತ ಬರುತ್ತಿತ್ತು. ಎಲ್ಲವೂ ಸರಿಹೋಗುತ್ತದೆ ಎನಿಸುವಂಥ ಬೆಳಗುಗಳು ಅವು.

ಆದರೆ ಹುಣ್ಣು ಮಾಯಲಿಲ್ಲ. ಹತ್ತನೆಯ ದಿನ ಧೈರ್ಯ ಮಾಡಿ ಇಣುಕಿದೆ. ಗಾಯದ ಅಂಚು ಬಹಳ ಹೊತ್ತು ನೀರಲ್ಲಿ ನೆನೆದ ಬೆರಳಿನಂತೆ ಬೆಳ್ಳಗೆ ಸುಕ್ಕಾಗಿತ್ತು. ವಾಸನೆಯೂ ಕಡಿಮೆಯಾಗಿರಲಿಲ್ಲ. ಕಿರುಬೆರಳು ಕಪ್ಪಾಗತೊಡಗಿತ್ತು. ಇನ್ನು ಉಳಿದದ್ದು ಹನ್ನೊಂದು ದಿನ. ಭಯಕ್ಕೆ ನನಗೆ ಸಿಟ್ಟು ಬಂತು. ಸಿಟ್ಟಿಗೆ ಒಂದು ತಲೆ ಬೇಕಿತ್ತು, ಎದುರಿಗೆ ಸಿಕ್ಕವರು ಎಸ್ತೇರಮ್ಮ. ಗೇಟಿನವರೆಗೆ ಕಳಿಸಲು ಹೋದವನ ಹಾಗೆ ಅವರ ಹಿಂದೆ ಹೋದೆ.

"ಹತ್ತ ದಿನಾ ಆತ್ರಿ," ಎಂದೆ. "ನಿಮ್ಮ ಕೈಯಾಗ ಸ್ವಚ್ಛ ಇಲ್ಲ ಅನಸತೈತಿ. ವಯಸ್ಸಾತು, ಇನ್ನ ಆಗೂದಿಲ್ಲ ಅಂದ್ರ ಹೇಳಿಬಿಡ್ರಿ, ಬ್ಯಾರೇದಾವರನ್ನ ನೋಡತೇನಿ."

ಮೂವತ್ತೈದು ವರ್ಷ ನರ್ಸ್ ಆಗಿದ್ದವರಿಗೆ, ಕರೆಯದೆ ಬಂದು ನಮ್ಮ ಮನೆಯ ಕೀವು ತೊಳೆದವರಿಗೆ, ವಾಂತಿ ಮಾಡಿಕೊಂಡು ಓಡಿಹೋದ ನಾನು ಹೇಳಿದ್ದು ಇದು. ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಎಸ್ತೇರಮ್ಮನ ಮುಖ ಒಂದು ಕ್ಷಣ ಏನೋ ಹೇಳಲು ಹೊರಟಿತು. ಹೇಳಲಿಲ್ಲ. ಇನ್ನೊಂದು ನಾಲ್ಕು ದಿನ ನೋಡೋಣ ಎಂದಷ್ಟೇ ಹೇಳಿ, ಗೇಟಿನ ಚಿಲಕ ಹಾಕಿಕೊಂಡು ಸ್ಟೇಶನ್ ರಸ್ತೆಯ ಕಡೆಗೆ ನಡೆದರು. ಮರುದಿನ ಎಂಟಕ್ಕೆ ಸರಿಯಾಗಿ ಚಪ್ಪಲಿಯ ಸದ್ದಾಯಿತು.

ಅಂದು ಶುಕ್ರವಾರ. ಜುಮ್ಮಾ ನಮಾಜು ಮುಗಿಸಿ ಮಸೂತಿಯಿಂದ ಹೊರಬರುತ್ತಿದ್ದೇನೆ, ಎದುರಿಗೆ ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ಎಸ್ತೇರಮ್ಮ! ತಲೆಯ ಮೇಲೆ ಸೆರಗು ಹೊದ್ದು, ನಮ್ಮ ಹಾಫಿಜ್ ಸಾಬರ ಎದುರು ಕೈಕಟ್ಟಿ ನಿಂತು ಏನೋ ಕೇಳುತ್ತಿದ್ದಾರೆ. ಹಾಫಿಜ್ ಸಾಬರು ಎಂದರೆ ಮಸೂತಿಯಲ್ಲಿ ನಮಾಜು ಮಾಡಿಸುವವರು, ಎಂಬತ್ತರ ಹತ್ತಿರದ ವಯಸ್ಸು. ಅವರೂ ಗಡ್ಡ ನೀವಿಕೊಳ್ಳುತ್ತ ಗಂಭೀರವಾಗಿ ಉತ್ತರ ಹೇಳುತ್ತಿದ್ದರು. ನನ್ನ ಸಣ್ಣ ಬುದ್ಧಿಗೆ ಹೊಳೆದದ್ದು ಒಂದೇ: ನಿನ್ನೆಯ ಮಾತಿಗೆ ಈಕೆ ನನ್ನ ಮೇಲೆ ದೂರು ಹೇಳುತ್ತಿದ್ದಾರೆ. ಕಂಬದ ಮರೆಗೆ ಸರಿದು, ಒಂದು ಚಪ್ಪಲಿ ನನ್ನದು ಒಂದು ಇನ್ಯಾರದೋ ಮೆಟ್ಟಿಕೊಂಡು, ಹಿಂದಿನ ಓಣಿಯಿಂದ ಮನೆಗೆ ಬಂದೆ.

ಸಂಜೆ ಹಾಫಿಜ್ ಸಾಬರು ಮನೆಗೇ ಬಂದುಬಿಟ್ಟರು. ಅವರು ನನ್ನ ಕಡೆ ನೋಡಲೇ ಇಲ್ಲ. ಅಬ್ಬಾನ ಪಕ್ಕ ಕೂತು, ಚಾ ಕುಡಿದು, ಈ ಸಲದ ಮೆಣಸಿನಕಾಯಿಯ ಬಣ್ಣ ಹೇಗಿದೆ ಎಂದೆಲ್ಲ ಮಾತಾಡಿ, ಆಮೇಲೆ ಬಹಳ ಮೆಲ್ಲಗೆ ಹೇಳಿದರು, ಗಾಯಕ್ಕೆ ಪಟ್ಟಿ ಕಟ್ಟಿದವನು ವಜೂ ಮಾಡುವಾಗ ಆ ಜಾಗಕ್ಕೆ ನೀರು ಹಾಕಬೇಕಿಲ್ಲ, ಪಟ್ಟಿಯ ಮೇಲೆ ಒದ್ದೆ ಕೈ ಒಮ್ಮೆ ಸವರಿದರೆ ಸಾಕು, ಇದು ತಮ್ಮ ರಿಯಾಯಿತಿ ಅಲ್ಲ, ದೀನಿನಲ್ಲೇ, ಎಂದರೆ ಧರ್ಮದಲ್ಲೇ, ಇರುವ ಮಾತು.

ಅಬ್ಬಾ ತಲೆ ತಗ್ಗಿಸಿದರು. ತಗ್ಗಿಸಿದ ತಲೆಯಲ್ಲೇ ಅಳತೊಡಗಿದರು. ನನ್ನ ತಂದೆ ಅಳುವುದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಆಗ ಎಲ್ಲ ಹೊರಬಿತ್ತು. ಅವರು ದಿನಕ್ಕೆ ಐದು ಸಲ, ನಮ್ಮ ಕಣ್ಣು ತಪ್ಪಿಸಿ, ಬಚ್ಚಲಲ್ಲಿ ಆ ಪಟ್ಟಿಯ ಸಮೇತ ಕಾಲಿಗೆ ನೀರು ಹೊಯ್ದುಕೊಳ್ಳುತ್ತಿದ್ದರು. ಒದ್ದೆ ಕೈ ಸವರುವ ಮಾತು ಎಲ್ಲೋ ಕೇಳಿದ್ದರಂತೆ, ಆದರೆ ಅದು ಸಬೂಬು ಹುಡುಕುವವರಿಗೆ ಎಂದುಕೊಂಡಿದ್ದರಂತೆ. ಕತ್ತರಿಸಿಯೇ ಹೋಗುವ ಕಾಲಾದರೆ ಅಲ್ಲಿಯವರೆಗಾದರೂ ಅದು ಪೂರ್ತಿ ತೊಳೆದ ಕಾಲಾಗಿರಲಿ ಎಂಬ ಹಟ. ಬೆಳಿಗ್ಗೆ ಎಸ್ತೇರಮ್ಮ ಒಣಗಿದ ಪಟ್ಟಿ ಕಟ್ಟಿಹೋದರೆ ಮರುದಿನ ಬಿಚ್ಚುವಾಗ ಅದು ಹಿಂಡಿದರೆ ತೊಟ್ಟಿಕ್ಕುವಷ್ಟು ಒದ್ದೆ.

ಎಸ್ತೇರಮ್ಮನಿಗೆ ನಾಲ್ಕನೆಯ ದಿನವೇ ಗೊತ್ತಾಗಿತ್ತು. ಕೇಳಿದ್ದರು. ಮಗನಿಗೆ, ಹೆಂಡತಿಗೆ ಹೇಳಬೇಡಿರಿ, ನಮಾಜು ಬಿಡಿಸುತ್ತಾರೆ ಎಂದು ಅಬ್ಬಾ ಕೈಮುಗಿದು ಮಾತು ತೆಗೆದುಕೊಂಡಿದ್ದರು. ಎಸ್ತೇರಮ್ಮ ದಿನಾ ಬೇಡಿಕೊಂಡಿದ್ದಾರೆ, ಅಬ್ಬಾ ದಿನಾ ತಪ್ಪಿಸಿಕೊಂಡಿದ್ದಾರೆ. ಗೇಟಿನ ಹತ್ತಿರ ನಾನು ಅಂದದ್ದಕ್ಕೆ ಅವರು ಬಾಯಿ ಬಿಟ್ಟಿದ್ದರೆ ಮಾತು ತಪ್ಪಬೇಕಿತ್ತು. ಬಿಡಲಿಲ್ಲ. ಬದಲಿಗೆ ಮಸೂತಿಯ ಬಾಗಿಲಿಗೆ ಹೋಗಿ, ಯಾರ ಹೆಸರೂ ಹೇಳದೆ, ಒಬ್ಬರಿಗೆ ಕಾಲಿಗೆ ಗಾಯವಾಗಿದೆ, ನಿಮ್ಮಲ್ಲಿ ಅವರು ಏನು ಮಾಡಬೇಕು ಎಂದು ಕೇಳಿದ್ದಾರೆ. ಬ್ಯಾಡಗಿಯಷ್ಟು ಊರಿನಲ್ಲಿ ಆ ಒಬ್ಬರು ಯಾರೆಂದು ಹಾಫಿಜ್ ಸಾಬರಿಗೆ ಲೆಕ್ಕ ಹಾಕುವುದು ಕಷ್ಟವಾಗಲಿಲ್ಲ.

ಹಾಫಿಜ್ ಸಾಬರು ಹೋದ ಮೇಲೂ ಅಬ್ಬಾನ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ದಿನಕ್ಕೆ ಒಂದು ಹೊತ್ತಾದರೂ ನೀರು ಮುಟ್ಟಿದ ಕಾಲಲ್ಲಿ ನಮಾಜು ಮಾಡಬೇಕು ಎಂದು ಮರುದಿನ ಎಸ್ತೇರಮ್ಮನ ಎದುರು ಮಗುವಿನಂತೆ ಗೋಗರೆದರು. ಅವರು ಹಾಗಾದರೆ ನಾಳೆಯಿಂದ ಎಂಟಕ್ಕೆ ಬರುವುದಿಲ್ಲ, ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಬರುತ್ತೇನೆ ಎಂದರು. ಹೇಗೂ ದಿನಕ್ಕೊಮ್ಮೆ ತೊಳೆಯಲೇಬೇಕಾದ ಕಾಲು. ಅದನ್ನು ನಮಾಜಿನ ಮುಂಚೆಯೇ ತೊಳೆದರಾಯಿತು.

ಅಂದಿನಿಂದ ನಮ್ಮ ಮನೆಯ ಮಧ್ಯಾಹ್ನಗಳು ಹೀಗಿರುತ್ತಿದ್ದವು. ಹೊರಗೆ ಬಿಳೀ ಬಿಸಿಲು, ಓಣಿಯಲ್ಲಿ ನರಪಿಳ್ಳೆಯಿಲ್ಲ. ಅಬ್ಬಾ ಕುರ್ಚಿಯಲ್ಲಿ ಕೂತು ಕೈ, ಬಾಯಿ, ಮುಖ ತೊಳೆದುಕೊಂಡು, ತಲೆಗೆ ಒದ್ದೆ ಕೈ ಸವರಿ, ಎಡಗಾಲು ತೊಳೆಯುವರು. ಬಲಗಾಲು ಎಸ್ತೇರಮ್ಮನ ಪಾಲು. ಕುದಿಸಿ ಆರಿಸಿದ ನೀರನ್ನು ಅವರು ಸಣ್ಣಗೆ ಬಿಡುತ್ತ ಬೆರಳಿನಿಂದ ಹಿಮ್ಮಡಿಯವರೆಗೆ ತೊಳೆಯುವರು. ಅಬ್ಬಾನ ತುಟಿ ಅಲುಗುತ್ತಿರುವುದು. ಒರೆಸಿ, ಸ್ವಚ್ಛ ಬಟ್ಟೆಯ ಮೇಲೆ ಆ ಕಾಲನ್ನು ಇಟ್ಟು ಅವರು ಹಿಂದೆ ಸರಿಯುವರು. ಅಬ್ಬಾ ಕುರ್ಚಿಯಲ್ಲಿ ಕೂತಲ್ಲೇ ನಮಾಜು ಶುರು ಮಾಡುವರು. ಅದು ಮುಗಿಯುವವರೆಗೆ ಎಸ್ತೇರಮ್ಮ ಮಷೀನಿನ ಪಕ್ಕ, ನೆಲದ ಮೇಲೆ, ಔಷಧದ ಡಬ್ಬಿಯನ್ನು ಮಡಿಲಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. ಅಮ್ಮಿ ಒಲೆಯ ಮೇಲಿನ ಒಗ್ಗರಣೆಯನ್ನು ಕೂಡ ತಡೆಹಿಡಿಯುತ್ತಿದ್ದಳು. ಕೋಣೆ ಎಷ್ಟು ಸದ್ದಿಲ್ಲದೆ ಇರುತ್ತಿತ್ತೆಂದರೆ ಬೋಗುಣಿಯ ಅಂಚಿನಿಂದ ಹನಿ ಬೀಳುವುದು ಕೇಳುತ್ತಿತ್ತು. ನಾನು ಎಷ್ಟೋ ಕನಸುಗಳಲ್ಲಿ ಆ ಕೋಣೆಗೆ ಹೋಗಿ ಬಂದಿದ್ದೇನೆ, ಪ್ರತಿ ಸಲವೂ ಬಾಗಿಲಲ್ಲೇ ನಿಂತಿರುತ್ತೇನೆ. ನಮಾಜಿನ ಕೊನೆಯ ಸಲಾಮು ಹೇಳಿ ಅಬ್ಬಾ ಮುಖ ತಿರುಗಿಸಿದ ಮೇಲೆ ಎಸ್ತೇರಮ್ಮ ಮುಂದೆ ಬಂದು ಪಟ್ಟಿ ಕಟ್ಟುತ್ತಿದ್ದರು. ಉಳಿದ ನಾಲ್ಕು ಹೊತ್ತಿಗೆ ಪಟ್ಟಿಯ ಮೇಲೆ ಒದ್ದೆ ಕೈ.

ಮೂರು ವಾರ ತುಂಬಿದ ದಿನ ಹಾವೇರಿಯಲ್ಲಿ ಪಟ್ಟಿ ಬಿಚ್ಚಿ ನೋಡಿದರು. ಗಾಯದ ತಳದಲ್ಲಿ ಕೆಂಪು ಮಾಂಸ ಬಂದಿತ್ತು. ಕಿರುಬೆರಳು ಹೋಯಿತು, ಕಾಲು ಉಳಿಯಿತು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಮಷೀನಿನ ಸದ್ದು ಕೇಳಿ ಅಮ್ಮಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಆ ಕಾಲಿನಿಂದ ಅಬ್ಬಾ ಇನ್ನೂ ಒಂಬತ್ತು ವರ್ಷ ಹೊಲಿದರು. ನಾನು ಕ್ಷಮೆ ಕೇಳಬೇಕೆಂದು ಎಸ್ತೇರಮ್ಮನ ಮನೆಗೆ ಎರಡು ಸಲ ಹೋದದ್ದುಂಟು. ಎರಡು ಸಲವೂ ಅವರು ಚಾ ಕೊಟ್ಟರು, ನಾನು ಕುಡಿದು ಬಂದೆ. ಮಾಸ್ತರಿಕೆ ಮಾಡಿದವರಿಗೆ ಬೇರೆಯವರ ತಪ್ಪು ತಿದ್ದಿ ರೂಢಿ, ತಮ್ಮದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅಬ್ಬಾ ತೀರಿಕೊಂಡ ದಿನ ಅವರ ಮೈ ತೊಳೆಯುವವರಲ್ಲಿ ನಾನೂ ಒಬ್ಬ. ನಮ್ಮಲ್ಲಿ ಮಣ್ಣಿಗೆ ಒಯ್ಯುವ ಮುಂಚೆ, ಬದುಕಿದ್ದಾಗ ಮಾಡುತ್ತಿದ್ದ ಹಾಗೆಯೇ, ವಜೂ ಮಾಡಿಸುತ್ತಾರೆ. ಕೊನೆಗೆ ಪಾದ ಬಂತು. ನಾಲ್ಕು ಬೆರಳಿನ ಆ ಬಲಪಾದವನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಅವತ್ತು. ಹುಣ್ಣು ಮಾಯ್ದ ಜಾಗ ನುಣ್ಣಗೆ, ಹೊಸ ಕಾಗದದಂತೆ ಇತ್ತು. ಹೊರಗೆ ಬಂದರೆ ಹೆಣ್ಣುಮಕ್ಕಳ ಗುಂಪಿನಿಂದ ಎಸ್ತೇರಮ್ಮ ಎದ್ದು ಬಂದು ನನ್ನ ತೋಳು ಹಿಡಿದರು. ಸಮಾಧಾನದ ಮಾತು ಬರುತ್ತದೆಂದುಕೊಂಡೆ.

"ಬೆರಳ ಸಂದಿ ಒರಿಸಿದ್ಯೇನಪಾ?" ಎಂದರು.

ಕೇಳಿದ ಮೇಲೆ ತಾವು ಏನು ಕೇಳಿದೆವೆಂದು ಅವರಿಗೇ ಹೊಳೆದು, ಸೆರಗು ಬಾಯಿಗೆ ಒತ್ತಿಕೊಂಡರು. ಒರೆಸಿದೆ ಎಂದೆ. ಖರೇ ಒರೆಸಿದ್ದೆ, ಒಂದೊಂದೇ ಬೆರಳು. ಅಲ್ಲಿಯವರೆಗೆ ತಡೆದಿದ್ದ ಅಳು ನನಗೆ ಬಂದದ್ದು ಆಗಲೇ.

ಇಷ್ಟು ದಿನ ಬಿಟ್ಟು ಕಳೆದ ಭಾನುವಾರ ನಾನು ರಾಣೆಬೆನ್ನೂರಿಗೆ ಹೋಗಿದ್ದೆ. ಎಸ್ತೇರಮ್ಮ ಈಗ ಅಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಣ್ಣು ಮಂಜು. ದನಿಯಿಂದಲೇ ನನ್ನನ್ನು ಗುರುತಿಸಿ, ಸಕ್ಕರೆ ಬಂದಿದೆ ಎಂದು ಕೇಳಿ ಚೆನ್ನಾಗಿ ಬೈದರು. ಈ ಸಲ ನಾನು ಚಾ ಬರುವ ಮುಂಚೆಯೇ ಶುರು ಮಾಡಿದೆ. ಗೇಟಿನ ಹತ್ತಿರ ಆಡಿದ ಮಾತುಗಳನ್ನು ಒಂದೂ ಬಿಡದೆ ಹೇಳಿ, ತಪ್ಪಾಯಿತು ಎಂದೆ. ಅವರಿಗೆ ಅದೆಲ್ಲ ಮರೆತೇ ಹೋಗಿರುತ್ತದೆ, ದೇವರಂಥ ಹೆಂಗಸು, ಮನಸ್ಸಿಗೆ ಹಚ್ಚಿಕೊಂಡೇ ಇರುವುದಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೆ.

"ನೆನಪೈತಿ ಬಿಡಪಾ," ಎಂದರು. "ಅವತ್ತ ಮನಿ ಮುಟ್ಟೂತನಕಾ ಅಳಕೋಂತ ಹೋಗೇನಿ. ನಾಳಿಂದ ಹೋಗಬಾರ್ದು ಅಂತ ಚೀಲಾ ಸೈತ ಅಟ್ಟದ ಮ್ಯಾಲೆ ಇಟ್ಟಿದ್ದೆ."

ಮತ್ತೆ ಮರುದಿನ ಯಾಕೆ ಬಂದಿರಿ ಎಂದು ಕೇಳಿದೆ. ಅವರು ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿ, ಇದೆಂಥ ಪ್ರಶ್ನೆ ಎನ್ನುವ ಹಾಗೆ ಹುಬ್ಬು ಗಂಟಿಕ್ಕಿದರು.

"ಪಟ್ಟಿ ಬಿಚ್ಚೂದಿತ್ತಲ್ಲೋ ತಮ್ಮಾ. ಯಾರ ಬಿಚ್ಚತಿದ್ರು?"

ನಾನಂತೂ ಬಿಚ್ಚುತ್ತಿರಲಿಲ್ಲ.